ಗೆದ್ದವರು ಕೊಡಬೇಕು

ನನ್ನ ತಂಗಿಯ ಮೊಮ್ಮಗಳು ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ರೊಬೋಟಿಕ್ಸ್ ಹೇಳಿಕೊಡುತ್ತಾಳೆ. ಹೋದ ಭಾನುವಾರ ಊಟಕ್ಕೆ ಬಂದವಳು ಸಾರು ಬಡಿಸಿಕೊಳ್ಳುತ್ತಲೇ ಗೋಳು ಶುರು ಮಾಡಿದಳು.

“ಅಜ್ಜಿ, ಸ್ಪರ್ಧೆ ಇಟ್ರೆ ಕಿತ್ತಾಡ್ತಾರೆ. ಎಲ್ರೂ ಸೇರಿ ಮಾಡಿ ಅಂದ್ರೆ ಇಬ್ರು ಮಾಡ್ತಾರೆ, ಮಿಕ್ಕೋರು ಕಿಟಕಿ ಆಚೆ ನೋಡ್ತಾರೆ. ಟ್ರೈನಿಂಗಲ್ಲಿ ಸ್ಪರ್ಧೆನೇ ಬೇಡ ಅಂದ್ರು. ನೀನು ಆಗ ಏನ್ಮಾಡ್ತಿದ್ದೆ?”

“ನಿಮ್ಮ ಟ್ರೈನಿಂಗಿನೋರು ಚಿಕ್ಕವರಿದ್ದಾಗ ಲಗೋರಿ ಆಡಿಲ್ವಂತಾ?” ಎಂದೆ. ಅವಳು ನಕ್ಕಳು. ಆದರೆ ನಾನು ತಮಾಷೆಗೆ ಹೇಳಿರಲಿಲ್ಲ. ಈ ವಿಷಯದಲ್ಲಿ ನಾನು ಹೆಡ್‌ಮಾಸ್ಟರ ಜೊತೆ ಜಗಳವಾಡಿದ್ದೇನೆ, ತೀರ್ಪುಗಾರರ ಜೊತೆ ಆಡಿದ್ದೇನೆ, ಶಾಲೆಯ ಆಡಳಿತ ಮಂಡಳಿಯ ಸೆಕ್ರೆಟರಿಯವರ ಜೊತೆಯಂತೂ ವರ್ಷಗಟ್ಟಲೆ ಆಡಿದ್ದೇನೆ. ಒಂದು ಜಗಳಕ್ಕೂ ಇವತ್ತಿನವರೆಗೆ ಪಶ್ಚಾತ್ತಾಪವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಅವಳಂಥವರಿಗಾಗಿ ಅದನ್ನೆಲ್ಲ ಬರೆದಿಡುತ್ತಿದ್ದೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನಾನು ರಾಜಾಜಿನಗರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ನಮ್ಮಪ್ಪನದು ರೇಡಿಯೋ ರಿಪೇರಿ ಅಂಗಡಿ. ಹಾಗಾಗಿ ಜಡೆ ಹಾಕಿಕೊಳ್ಳುವುದಕ್ಕೆ ಮುಂಚೆಯೇ ಬೆಸುಗೆ ಹಾಕುವುದು ಕಲಿತಿದ್ದೆ. ಎಂಬತ್ತರ ದಶಕದಲ್ಲಿ ವೇಳಾಪಟ್ಟಿಯಲ್ಲಿ ‘ಕೆಲಸದ ಅನುಭವ’ ಎಂಬ ಒಂದು ಪೀರಿಯಡ್ ಇರುತ್ತಿತ್ತು. ಬೇರೆ ಶಾಲೆಗಳಲ್ಲಿ ಹೆಣ್ಣುಮಕ್ಕಳ ಕೈಲಿ ಕಸೂತಿ ಹಾಕಿಸಿ, ಗಂಡುಮಕ್ಕಳ ಕೈಲಿ ಸೀಮೆಸುಣ್ಣ ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಶಾಲೆಯ ಹಿಂದೆ ಶೀಟು ಹೊದೆಸಿದ ಒಂದು ಕೋಣೆ ಇತ್ತು. ಹಿಂದೆ ಮರಗೆಲಸದ ತರಗತಿ ನಡೆಯುತ್ತಿದ್ದ ಜಾಗ. ಮೇಜುಗಳು ಹಾಗೇ ಇದ್ದವು. ಬೀಗದ ಕೈ ಕೇಳಿ ಇಸಿದುಕೊಂಡು, ಅಲ್ಲಿ ಮಕ್ಕಳ ಕೈಲಿ ಬ್ಯಾಟರಿಯಿಂದ ಓಡುವ ಯಂತ್ರ ಮಾಡಿಸತೊಡಗಿದೆ.

ಈಗ ಪೆಟ್ಟಿಗೆ ತೆರೆದರೆ ಎಲ್ಲವೂ ಅಳತೆಗೆ ಸರಿಯಾಗಿ ಬರುತ್ತದೆಯಂತೆ. ನಮ್ಮದು ಗುಜರಿ ರೊಬೋಟಿಕ್ಸ್. ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು, ಸೈಕಲ್ ಕಡ್ಡಿ, ಹಾಲಿನ ಪುಡಿಯ ಡಬ್ಬದ ಮುಚ್ಚಳದ ಚಕ್ರ, ಒಡೆದ ಸ್ಲೇಟಿನ ಮರದ ಚೌಕಟ್ಟಿಗೆ ಬಾಗಿಲ ಗಂಟೆಯ ಗುಂಡಿಗಳನ್ನು ಕೂರಿಸಿದ ಸ್ವಿಚ್‌ಬೋರ್ಡು. ಅಲ್ಲಿಂದ ಯಂತ್ರದವರೆಗೆ ಉದ್ದಕ್ಕೆ ವಯರು. ಯಂತ್ರ ಮುಂದೆ ಹೋದರೆ ವಯರು ಹಿಡಿದವರೂ ಹಿಂದೆಯೇ ಹೋಗಬೇಕು, ಹಸು ಹೊಡೆದುಕೊಂಡು ಹೋದಂತೆ. ಆದರೂ ಮಕ್ಕಳು ಅದನ್ನು ‘ರೋಬೋ’ ಎಂದೇ ಕರೆಯುತ್ತಿದ್ದರು. ನಾನೂ ತಿದ್ದಲಿಲ್ಲ.

ಮೊದಲ ವರ್ಷ ಪ್ರತಿಯೊಬ್ಬರೂ ಒಂದೊಂದು ಯಂತ್ರ ಮಾಡಿ, ಯಾರದು ಚೆನ್ನಾಗಿದೆಯೋ ಅವರಿಗೆ ಬಹುಮಾನ ಎಂದೆ. ಒಬ್ಬನ ಮೋಟಾರನ್ನು ಇನ್ನೊಬ್ಬ ಬಚ್ಚಿಟ್ಟ. ಒಬ್ಬಳ ವಯರನ್ನು ಮತ್ತೊಬ್ಬಳು ಕತ್ತರಿಸಿದಳು. ಕೊನೆಗೆ ಓಡಿದ್ದು ಒಂದೇ ಯಂತ್ರ, ಅದೂ ಗೋಡೆಯ ಕಡೆಗೆ.

ಎರಡನೆಯ ವರ್ಷ ಹೆಡ್‌ಮಾಸ್ಟರ್ ನಂಜುಂಡಯ್ಯನವರು ಉಪದೇಶಿಸಿದರು. “ಶಾರದಾ ಮೇಡಂ, ಮಕ್ಕಳಲ್ಲಿ ಪೈಪೋಟಿ ಬೇಡ. ಎಲ್ಲರೂ ಕೂಡಿ ಒಂದೇ ಯಂತ್ರ ಮಾಡ್ಲಿ. ಐಕಮತ್ಯ ನೋಡಿ, ಐಕಮತ್ಯ.” ಸರಿ, ಹಾಗೇ ಮಾಡಿದೆ. ಐಕಮತ್ಯವೇನೋ ಬಂತು. ಎಲ್ಲರೂ ಒಮ್ಮತದಿಂದ ನಿದ್ದೆ ಮಾಡಿದರು. ಊರೆಲ್ಲ ಸೇರಿ ಒಂದು ಹಸು ಸಾಕಿದರೆ ಕರೆಯುವುದಕ್ಕೆ ಎಲ್ಲರೂ ಬರುತ್ತಾರೆ, ಹುಲ್ಲು ಹಾಕುವುದಕ್ಕೆ ಯಾರೂ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ದಾರಿ ತೋರಿಸಿದ್ದೂ ಆ ಅಜ್ಜಿಯೇ. ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ತಮ್ಮದೇ ಕವಡೆ ಇಟ್ಟುಕೊಂಡು ಚೌಕಾಬಾರ ಆಡುವಾಗ ಅವಳದೊಂದು ಕಟ್ಟಳೆ ಇತ್ತು. ಗೆದ್ದವರು ತಮ್ಮ ಕವಡೆಗಳನ್ನು ಸೋತವರಿಗೆ ಕೊಟ್ಟು, ಅವರ ಕವಡೆಗಳಲ್ಲಿ ಮುಂದಿನ ಆಟ ಆಡಬೇಕು. “ಅವು ನನ್ನ ಅದೃಷ್ಟದ ಕವಡೆ, ಕೊಡಲ್ಲ” ಎಂದು ನಾನು ಅತ್ತರೆ, “ಗೆದ್ದದ್ದು ನೀನೋ ಕವಡೆಯೋ? ನೀನಾದ್ರೆ ಕೊಟ್ಟು ಗೆಲ್ಲು ನೋಡಾಣ” ಎನ್ನುತ್ತಿದ್ದಳು.

ಈ ಕಟ್ಟಳೆಯನ್ನೇ ಶೀಟಿನ ಕೋಣೆಗೆ ತಂದೆ. ಮಕ್ಕಳನ್ನು ಎರಡು ತಂಡ ಮಾಡಿದೆ. ಒಂದು ತಂಡದ ಯಂತ್ರಕ್ಕೆ ಕೆಂಪು ಬಣ್ಣ ಬಳಿದು ಕೆಂಚ ಎಂದು ಹೆಸರಿಟ್ಟರು. ಇನ್ನೊಂದಕ್ಕೆ ಕಪ್ಪು ಬಣ್ಣ, ಕರಿಯ. ಪ್ರತಿ ಶನಿವಾರ ಪಂದ್ಯ. ಗೆದ್ದ ತಂಡ ತನ್ನವರಲ್ಲಿ ಒಬ್ಬರನ್ನು ಸೋತ ತಂಡಕ್ಕೆ ಕೊಡಬೇಕು. ಯಾರನ್ನು ಎಂದು ಆರಿಸುವವರು ಸೋತವರು. ಗೆದ್ದವರು ಇಲ್ಲ ಎನ್ನುವಂತಿಲ್ಲ.

ಕೆಂಚನ ತಂಡದ ನಾಯಕ ಮಂಜ. ಮಾತಿನ ಮಲ್ಲ, ಅವರಪ್ಪ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಕರಿಯನ ತಂಡಕ್ಕೆ ಕಿಟ್ಟಿ. ಅವನದು ಮಾತು ಕಡಿಮೆ, ಅನುಮಾನ ಜಾಸ್ತಿ. ಮೊದಲ ಪಂದ್ಯದಲ್ಲಿ ಕೆಂಚ ಗೆದ್ದ. ಈಗ ಒಬ್ಬರನ್ನು ಕೊಡಬೇಕಲ್ಲ! ಮಂಜ ಆ ವಾರವೆಲ್ಲ ಒಂದು ನಾಟಕ ಆಡಿಸಿದ್ದ. ಅವರ ತಂಡದಲ್ಲಿ ಬಸವರಾಜ ಎಂಬ ಗುಂಡುಗುಂಡಗಿನ ಸಾಧು ಹುಡುಗನಿದ್ದ. ಕಿಟ್ಟಿ ಆ ಕಡೆ ಸುಳಿದಾಗಲೆಲ್ಲ ಬಸವರಾಜನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, “ಇವನಿಲ್ದಿದ್ರೆ ನಮ್ದು ಏನೂ ನಡೆಯಲ್ಲಪ್ಪ” ಎಂದು ಎಲ್ಲರೂ ನಿಟ್ಟುಸಿರು ಬಿಡುವುದು. ಕಿಟ್ಟಿ ಬಲೆಗೆ ಬಿದ್ದ, ಬಸವರಾಜನನ್ನೇ ಕೇಳಿದ. ಕಡಲೆಕಾಯಿ ಸುಲಿಯುವುದರಲ್ಲಿ ಬಸವರಾಜನನ್ನು ಮೀರಿಸುವವರಿಲ್ಲ ಎಂಬುದು ಒಂದು ವಾರದಲ್ಲಿ ಕರಿಯನ ತಂಡಕ್ಕೆ ತಿಳಿಯಿತು. ಮತ್ತೆ ಸೋತರು.

ಎರಡನೆಯ ಸಲ ಕಿಟ್ಟಿ ಯಾರ ಮುಖವನ್ನೂ ನೋಡಲಿಲ್ಲ. ಕೆಂಚನ ತಂಡದವರನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಬೆರಳುಗಳನ್ನು ನೋಡುತ್ತಾ ಬಂದ. ಒಬ್ಬರ ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಗುರುತುಗಳಿದ್ದವು.

“ಮಿಸ್, ನಮಗೆ ನಾಗರತ್ನ ಬೇಕು.”

“ಮಿಸ್, ಅವಳು ಬರೀ ಚಾರ್ಟ್ ಬರೆಯೋಳು ಮಿಸ್!” ಎಂದು ಮಂಜ ಬೊಬ್ಬೆ ಹಾಕಿದ.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ನಾಗರತ್ನ ತಿರುಗಿದಳು. “ಚಾರ್ಟಾ? ಮೋಟಾರು ಕೂರ್ಸಿದ್ದು ಯಾರೋ ಮತ್ತೆ, ನಿಮ್ಮಜ್ಜನಾ?” ಎಂದು ಹೇಳಿ, ಚೀಲ ಎತ್ತಿಕೊಂಡು ಆ ಕಡೆಯ ಮೇಜಿಗೆ ನಡೆದೇಬಿಟ್ಟಳು.

ಇದನ್ನು ಗಮನಿಸಿ, ಹೊಸ ಟೀಚರುಗಳೇ. ನಾನು ಟೀಚರಾಗಿ ಅಷ್ಟು ದಿನ ಕೋಣೆಯಲ್ಲೇ ಇದ್ದು ಕಾಣದ ಬೆರಳು, ಸೋತ ಹುಡುಗನ ಕಣ್ಣಿಗೆ ಕಂಡಿತು. ಸೋಲು ತಪ್ಪಿಸಿಕೊಳ್ಳುವ ಹಟ ಇಲ್ಲದೆ ಅವನು ಯಾಕೆ ನೋಡುತ್ತಿದ್ದ? ಹುಡುಗಿಯನ್ನು ಗೌರವಿಸಿ ಎಂದು ನಾನು ನೂರು ಸಲ ಪಾಠ ಹೇಳಿದ್ದರೆ ಎರಡು ತಂಡಗಳು ಅವಳಿಗಾಗಿ ಗುದ್ದಾಡುತ್ತಿದ್ದವೇ? ಆಮೇಲೆ ಆ ವರ್ಷವೆಲ್ಲ ನಾಗರತ್ನ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಹೋದ ಕಡೆಯೇ ಗೆಲುವು, ಗೆದ್ದ ಕೂಡಲೇ ವರ್ಗ. “ನಂದು ತವರೂ ಇಲ್ಲ, ಅತ್ತೆಮನೆನೂ ಇಲ್ಲ ಮಿಸ್, ಬರೀ ಬಸ್‌ಸ್ಟ್ಯಾಂಡು” ಎನ್ನುತ್ತಿದ್ದಳು. ಆದರೆ ಹೋದಲ್ಲೆಲ್ಲ ತನಗೆ ಗೊತ್ತಿದ್ದನ್ನು ಬಿಟ್ಟುಬರುತ್ತಿದ್ದಳು. ಬರಬರುತ್ತಾ ಎರಡೂ ತಂಡಗಳಲ್ಲಿ ಬೆಸುಗೆ ಬಾರದವರೇ ಇಲ್ಲವಾದರು.

ಪೈಪೋಟಿ ಅಂದಮೇಲೆ ಗುಟ್ಟೂ ಇರುತ್ತದೆ. ಮೋಟಾರಿನ ಎರಡು ವಯರುಗಳನ್ನು ಅದಲುಬದಲು ಮಾಡಿದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಕೆಂಚನ ತಂಡ ಎಲ್ಲರಂತೆ ಕೆಂಪು ವಯರನ್ನು ಬ್ಯಾಟರಿಯ ಪ್ಲಸ್ಸಿಗೆ ಕೊಡುತ್ತಿತ್ತು. ಕಿಟ್ಟಿ ಮಾತ್ರ, ಯಾರಾದರೂ ಕದ್ದು ನೋಡಿ ನಕಲು ಹೊಡೆದರೆ ಕೆಟ್ಟುಹೋಗಲಿ ಎಂದು ಬೇಕೆಂದೇ ಕೆಂಪನ್ನು ಮೈನಸ್ಸಿಗೆ ಹಾಕಿಸಿದ್ದ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಇದನ್ನು ಆಮೇಲೆ ಎಲ್ಲರೂ ನನ್ನ ತಪ್ಪು ಎಂದರು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದು ಅವರ ಯಂತ್ರ.

ಅಷ್ಟರಲ್ಲಿ ಸೆಕ್ರೆಟರಿಯವರ ಕಣ್ಣು ಶೀಟಿನ ಕೋಣೆಯ ಮೇಲೆ ಬಿತ್ತು. ಕೆಟ್ಟ ಮನುಷ್ಯರೇನಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಹಸಿರು ಸ್ಕೂಟರು. ಶಾಲೆಯ ಮುಂದಿನ ಜಗಲಿಯ ಮೇಲೇ ಅದನ್ನು ಹತ್ತಿಸಿ ನಿಲ್ಲಿಸುತ್ತಿದ್ದರು. ನನ್ನನ್ನು ಕರೆಸಿ ಹೇಳಿದರು: “ನೋಡಮ್ಮ, ಆ ಕೋಣೇಲಿ ಟೈಪಿಂಗ್ ಕ್ಲಾಸ್ ಮಾಡ್ಬೇಕು ಅಂತಿದೀವಿ. ಟೈಪಿಂಗ್ ಕಲಿತ್ರೆ ಕೆಲ್ಸ ಸಿಗುತ್ತೆ. ತಗಡಿನ ಗೊಂಬೆ ಕುಣಿಸಿದ್ರೆ ಏನ್ ಸಿಗುತ್ತೆ?”

“ಕುಣಿಸೋದು ಗೊತ್ತಾಗುತ್ತೆ ಸಾರ್. ಇಲ್ದಿದ್ರೆ ದೊಡ್ಡವರಾದ ಮೇಲೆ ಅವೇ ಇವರನ್ನ ಕುಣಿಸ್ತವೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ. ಕೆಂಗೇರೀಲಿ ಶಾಲೆಗಳ ಯಂತ್ರ ಸ್ಪರ್ಧೆ ಇದ್ಯಂತಲ್ಲ? ಮೊದಲನೇ ಬಹುಮಾನ ತನ್ನಿ, ಕೋಣೆ ನಿಮ್ಮದು. ತರ್ಲಿಲ್ವಾ, ಟೈಪಿಂಗು.”

ಹೊರಗೆ ಬಂದರೆ ನಂಜುಂಡಯ್ಯನವರು ಕಾಯುತ್ತಿದ್ದರು. ಸ್ಪರ್ಧೆಗೆ ಹೋಗುವ ನಾಲ್ಕು ಮಕ್ಕಳ ಹೆಸರನ್ನು ಆಗಲೇ ಗೊತ್ತುಮಾಡಿದ್ದರು. ನಾಲ್ವರೂ ಪರೀಕ್ಷೆಯಲ್ಲಿ ತರಗತಿಗೆ ಮೊದಲು ಬರುವವರು, ಒಬ್ಬರೂ ಶೀಟಿನ ಕೋಣೆಗೆ ಕಾಲಿಟ್ಟವರಲ್ಲ.

“ಸಾರ್, ಇವರಿಗೆ ಬೆಸುಗೆ ಗೊತ್ತಿಲ್ಲ.”

“ಬುದ್ಧಿವಂತರು ಮೇಡಂ, ಒಂದು ವಾರದಲ್ಲಿ ಕಲೀತಾರೆ. ಕೋಣೆ ಉಳೀಬೇಕೋ ಬೇಡ್ವೋ?”

“ಕೋಣೆ ಉಳಿಸೋಕೆ ಕೋಣೇಲಿರೋರನ್ನ ಆಚೆ ಹಾಕಿದ್ರೆ ಏನ್ ಉಳಿದ ಹಾಗಾಯ್ತು ಸಾರ್?”

“ನಿಮ್ಮ ಹಟ ನಿಮಗೆ. ನಾಳೆ ಸೋತು ಬಂದ್ರೆ ನನ್ನ ಹತ್ರ ಬರ್ಬೇಡಿ.”

“ಬರಲ್ಲ” ಎಂದೆ.

ನಾಲ್ವರನ್ನು ಆರಿಸುವುದನ್ನೂ ಮಕ್ಕಳಿಗೇ ಬಿಟ್ಟೆ. ಆದರೆ ಪ್ರತಿ ತಂಡವೂ ಎದುರು ತಂಡದಿಂದ ಇಬ್ಬರನ್ನು ಹೆಸರಿಸಬೇಕು. ಕರಿಯನ ತಂಡ ಮಂಜನ ಹೆಸರು ಹೇಳಿತು. ಕೆಂಚನ ತಂಡ ಕಿಟ್ಟಿಯನ್ನು, ಆ ವಾರ ಕಿಟ್ಟಿಯ ಕಡೆ ಇದ್ದ ನಾಗರತ್ನಳನ್ನು ಆರಿಸಿತು. ಉಳಿದ ಒಂದು ಜಾಗಕ್ಕೆ ಕಿಟ್ಟಿಯೇ, ಆಗ ಮರಳಿ ಕೆಂಚನ ಕಡೆಗೆ ಹೋಗಿದ್ದ ಬಸವರಾಜನನ್ನು ಕೇಳಿದಾಗ ಎಲ್ಲರೂ ನಕ್ಕರು.

“ನಗ್ಬೇಡ್ರೋ. ಬಸ್ಸಲ್ಲಿ ಬುಟ್ಟಿ ಅವನ ತೊಡೆ ಮೇಲಿದ್ರೆ ಅಲ್ಲಾಡಲ್ಲ.”

ಯಂತ್ರವೂ ಹಾಗೇ ಕೂಡಿಕೆಯಾಯಿತು. ಕೆಂಚನ ಗಾಡಿ ನೆಟ್ಟಗೆ ಓಡುತ್ತಿತ್ತು, ಕರಿಯನ ಎತ್ತುವ ಕೈ ನಡುಗುತ್ತಿರಲಿಲ್ಲ. ಗಾಡಿಯ ಮೇಲೆ ಆ ಕೈ ಕೂರಿಸಿದರು. ರಾಗಿ ತುಂಬಿದ, ಹಿಡಿಯಿರುವ ಲೋಟವನ್ನು ಒಂದು ಮಣೆಯಿಂದ ಎತ್ತಿ, ಅಂಗಳ ದಾಟಿಸಿ, ಚೆಲ್ಲದೆ ಇನ್ನೊಂದು ಮಣೆಯ ಮೇಲಿಡಬೇಕು. ಸ್ಪರ್ಧೆ ಅದೇ. ಹೊರಡುವ ಹಿಂದಿನ ದಿನ ಕೋಣೆಯಲ್ಲಿ ನೋಡಿದೆವು. ಒಂದು ಕಾಳೂ ಚೆಲ್ಲಲಿಲ್ಲ.

ಕೆಂಗೇರಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸವರಾಜ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವರ ಹಾಗೆ ಕುಳಿತಿದ್ದ.

“ಏನಮ್ಮ ಬುಟ್ಟೀಲಿ, ಕೋಳಿನಾ?” ಎಂದ ಕಂಡಕ್ಟರು.

“ರೋಬೋ ಅಣ್ಣಾ” ಎಂದಳು ನಾಗರತ್ನ.

“ಹೋ! ಮೇಯಕ್ಕೆ ಏನ್ ಹಾಕ್ತೀರಾ?”

“ಬ್ಯಾಟರಿ ಸೆಲ್ಲು. ಮುಗಿದ್ರೆ ಕಂಡಕ್ಟರ್‌ನೂ ತಿನ್ನುತ್ತೆ.”

ಬಸ್ಸೆಲ್ಲ ನಕ್ಕಿತು. ಅದೇ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂದು ಡ್ರೈವರು ಬ್ರೇಕ್ ಹಾಕಿದ. ಬಸವರಾಜ ಅಲ್ಲಾಡಲಿಲ್ಲ. ಆದರೆ ನಿಂತಿದ್ದವರೆಲ್ಲ ಬಸವರಾಜನ ಮೇಲೆ ಬಿದ್ದರು.

ಇಳಿದು ನೋಡಿದರೆ ಗಾಡಿಗೆ ಏನೂ ಆಗಿರಲಿಲ್ಲ. ಎತ್ತುವ ಕೈಯ ವಯರುಗಳು ಮಾತ್ರ ಕಿತ್ತುಬಂದಿದ್ದವು. ಸ್ಪರ್ಧೆಯ ಅಂಗಳಕ್ಕೆ ಹೋಗುವ ಹೊತ್ತಿಗೆ ನಮ್ಮ ಶಾಲೆಯ ಹೆಸರು ಕೂಗುತ್ತಿದ್ದರು. ನಾಗರತ್ನ, ಕಿಟ್ಟಿ ಹೆಸರು ಬರೆಸಲು ಓಡಿದರು. ಮಂಜ ಅಲ್ಲೇ ನೆಲದ ಮೇಲೆ ಕುಳಿತು ವಯರುಗಳನ್ನು ಸೇರಿಸಿದ. ಕೆಂಪು ಪ್ಲಸ್ಸಿಗೆ. ಅವನ ತಂಡದ ಪದ್ಧತಿ. ಕರಿಯನ ಕೈಗೆ ಕೆಂಪು ಮೈನಸ್ಸಿಗೆ ಹೋಗಬೇಕು ಎಂಬ ಗುಟ್ಟು ಅವನಿಗೆ ಗೊತ್ತೇ ಇರಲಿಲ್ಲ.

ಸೀಟಿ ಊದಿದರು. ಸ್ವಿಚ್ ಮಂಜನ ಕೈಯಲ್ಲಿ. ಉಳಿದ ಮೂವರು ಸುಣ್ಣದ ಗೆರೆಯ ಹಿಂದೆ. ಗಾಡಿ ನೇರವಾಗಿ ಮಣೆಯ ಹತ್ತಿರ ಹೋಯಿತು. ಕೊಕ್ಕೆ ಲೋಟದ ಹಿಡಿಗೆ ಸಿಕ್ಕಿತು. ಮಂಜ ‘ಮೇಲೆ’ ಗುಂಡಿ ಒತ್ತಿದ. ಕೈ ಕೆಳಗೆ ಒತ್ತಿತು. ಲೋಟ ಮಣೆಯ ಮೇಲೆ ಕಿರುಗುಟ್ಟಿತು. ಅವನು ಇನ್ನೂ ಜೋರಾಗಿ ಒತ್ತಿದ. ಮೋಟಾರು ನರಳತೊಡಗಿತು, ಸುಟ್ಟ ವಾಸನೆ ಬಂತು. ಸೀಟಿಯಾದ ಮೇಲೆ ಯಂತ್ರವನ್ನು ಮುಟ್ಟುವಂತಿರಲಿಲ್ಲ. ಮಂಜ ಗೆರೆಯ ಕಡೆ ತಿರುಗಿ ನೋಡಿದ. ಆ ಲೋಟದ ಜೊತೆ ನಮ್ಮ ಕೋಣೆಯೂ ಮಣೆಯ ಮೇಲೆಯೇ ಉಳಿಯುವುದು ನನಗೆ ಕಾಣುತ್ತಿತ್ತು.

“ಮಂಜಾ, ಅದು ಕರಿಯನ ಕೈ ಕಣೋ!” ನಾಗರತ್ನ ಗೆರೆಯ ಹಿಂದಿನಿಂದ ಕಿರುಚಿದಳು. “ಕೆಳಗಿನ್ದು ಒತ್ತು, ಮೇಲೇಳುತ್ತೆ!”

ಎರಡೂ ತಂಡಗಳ ವಯರು ಕಟ್ಟಿದವಳು ಅವಳೊಬ್ಬಳೇ. ಬೇರೆ ಯಾರಿಗೂ ಅದು ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ಮಂಜ ‘ಕೆಳಗೆ’ ಒತ್ತಿದ. ಕೈ ಎದ್ದಿತು. ಲೋಟವೂ ಎದ್ದಿತು. ಸೀಟಿ ಮತ್ತೆ ಕೇಳಿಸಿತು.

“ಗೆರೆ ಹಿಂದಿನವರು ಮಾತಾಡೋ ಹಾಗಿಲ್ಲ. ಈ ಶಾಲೆ ಬಹುಮಾನಕ್ಕಿಲ್ಲ” ಎಂದರು ತೀರ್ಪುಗಾರರು.

ನಾನು ಅಂಗಳದೊಳಗೇ ಹೋದೆ. “ಸಾರ್, ಮೂವರು ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೋಬೇಕು ಅನ್ನೋದಾದ್ರೆ ನಾಲ್ಕು ಜನರ ತಂಡ ಅಂತ ಯಾಕೆ ಕರೆದ್ರಿ? ಒಬ್ಬನ್ನೇ ಕರೀಬೇಕಿತ್ತು.”

“ಮೇಡಂ, ರೂಲ್ಸು ಅಂದ್ರೆ ರೂಲ್ಸು.”

“ರೂಲ್ಸು ಸರಿಯಾಗೇ ಇದೆ, ತಂಡ ಅನ್ನೋ ಮಾತು ತೆಗೀರಿ ಅಂತಿದೀನಿ.”

“ಮೇಡಂ, ದಯವಿಟ್ಟು ಆಚೆ ಬನ್ನಿ.”

ನಾವು ಮಾತಿನಲ್ಲಿರುವಾಗಲೇ ಜನ ಚಪ್ಪಾಳೆ ಹೊಡೆದರು. ತಿರುಗಿ ನೋಡಿದೆ. ಮಂಜ ನಿಲ್ಲಿಸಿರಲಿಲ್ಲ. ನಾಗರತ್ನ ಗೆರೆ ದಾಟಿ ಅವನ ಪಕ್ಕ ನಿಂತಿದ್ದಳು, ಕಿಟ್ಟಿ ವಯರು ಹಿಡಿದು ಹಿಂದೆ ನಡೆಯುತ್ತಿದ್ದ. ಬಸವರಾಜ ಆಚೆಯ ಮಣೆಯ ಬಳಿ ಕುಕ್ಕರುಗಾಲಲ್ಲಿ ಕುಳಿತು “ಇನ್ನೊಂಚೂರು, ಇನ್ನೊಂಚೂರು” ಎನ್ನುತ್ತಿದ್ದ. ಲೋಟ ಮಣೆಯ ಮೇಲೆ ಕುಳಿತಿತು. ಒಂದು ಕಾಳೂ ಚೆಲ್ಲಿರಲಿಲ್ಲ.

ಬಹುಮಾನ ಇನ್ನೊಂದು ಶಾಲೆಗೆ ಹೋಯಿತು. ಮಂಜ ಆ ಶಾಲೆಯ ಹುಡುಗರ ಹತ್ತಿರ ಹೋಗಿ ಕೈ ಚಾಚಿದ. ಅವರು ಕೈ ಕುಲುಕಿದರು. ಇವನು ಕೈ ತೆಗೆಯಲಿಲ್ಲ.

“ಗೆದ್ರಲ್ಲ, ಏನ್ ಕೊಡ್ತೀರಾ?”

“ಯಾಕ್ ಕೊಡ್ಬೇಕು?”

“ಗೆದ್ದೋರು ಕೊಡ್ಬೇಕು ಗುರು. ನಿಮ್ಮಲ್ಲಿ ಆ ರೂಲಿಲ್ವಾ?”

ಅವರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹುಡುಗಿ ತನ್ನ ಡಬ್ಬದಿಂದ ಹಿತ್ತಾಳೆಯ ಹಲ್ಲುಚಕ್ರವೊಂದನ್ನು ತೆಗೆದು ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಅದು ಕೈಯಿಂದ ಕೈಗೆ ಹೋಗುತ್ತಿತ್ತು.

ಸೋಮವಾರ ಶೀಟಿನ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ನಂಜುಂಡಯ್ಯನವರು ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಹೋದರು. ಮಕ್ಕಳಿಗೆ ಏನು ಹೇಳಬೇಕೆಂದು ನಾನು ಯೋಚಿಸುತ್ತಿರುವಾಗಲೇ ಅವರು ನಾಲ್ವರೂ ಸೆಕ್ರೆಟರಿಯವರ ಮುಂದೆ ಹೋಗಿ ನಿಂತಿದ್ದರು. ವಿಷಯ ತಿಳಿದು ಓಡಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

“ಸಾರ್, ಕೋಣೆ ನೀವು ಗೆದ್ರಿ” ಎಂದಳು ನಾಗರತ್ನ.

“ಗೆಲ್ಲೋದೇನಮ್ಮ? ಮಾತು ಅಂದ್ರೆ ಮಾತು.”

“ಹೌದು ಸಾರ್, ಮಾತು ಅಂದ್ರೆ ಮಾತು. ನಮ್ಮಲ್ಲೂ ಒಂದು ಮಾತಿದೆ. ಗೆದ್ದೋರು ಸೋತೋರಿಗೆ ಒಂದು ಕೊಡ್ಬೇಕು. ಸೋತೋರು ಕೇಳಿದ್ದನ್ನೇ ಕೊಡ್ಬೇಕು.”

ಸೆಕ್ರೆಟರಿಯವರು ನಕ್ಕರು. ಅವರ ಪಕ್ಕದಲ್ಲಿ ಆಡಳಿತ ಮಂಡಳಿಯ ಇನ್ನಿಬ್ಬರು ಹಿರಿಯರು ಕಾಫಿ ಕುಡಿಯುತ್ತಾ ಕುಳಿತಿದ್ದರು. “ಕೇಳಿದ್ದನ್ನ ಕೊಟ್ಬಿಡಿ ಸ್ವಾಮಿ, ಮಕ್ಕಳು” ಎಂದರು ಒಬ್ಬರು.

“ಏನ್ ಬೇಕು? ಕೋಣೆ ಒಂದು ಬಿಟ್ಟು ಕೇಳಿ.”

“ಕೋಣೆ ಬೇಡ ಸಾರ್” ಎಂದ ಕಿಟ್ಟಿ. ಅವನು ಆರಿಸುವುದರಲ್ಲಿ ಎರಡನೆಯ ಸಲ ಮೋಸ ಹೋಗುವವನಲ್ಲ. “ಮುಂದಿನ ಜಗಲಿ ಕೊಡಿ.”

“ಜಗಲಿನಾ? ಅಲ್ಲೇನಿದೆ?”

“ನಿಮ್ಮ ಸ್ಕೂಟರಿದೆ ಸಾರ್. ಅದನ್ನ ಕೆಳಗೆ ನಿಲ್ಲಿಸ್ಬೇಕು” ಎಂದ ಬಸವರಾಜ, ಬಹಳ ವಿನಯದಿಂದ.

ಹಿರಿಯರ ಮುಂದೆ ಆಡಿದ ಮಾತು. ಕೊಡದೆ ವಿಧಿಯಿರಲಿಲ್ಲ. ಸೆಕ್ರೆಟರಿಯವರು ಬಾಗಿಲಲ್ಲಿದ್ದ ನನ್ನ ಕಡೆ ನೋಡಿದರು. “ನೀವೇ ಹೇಳಿಕೊಟ್ಟಿದ್ದೇನಮ್ಮ ಇದು?”

“ರೂಲು ನಂದು ಸಾರ್. ಜಗಲಿ ಅವರದು” ಎಂದೆ.

ಆಮೇಲೆ ನಾನು ನಿವೃತ್ತಳಾಗುವವರೆಗೆ ಯಂತ್ರದ ತರಗತಿ ನಡೆದದ್ದು ಆ ಜಗಲಿಯ ಮೇಲೆ, ರಸ್ತೆಗೆ ಎದುರಾಗಿ. ಶೀಟಿನ ಕೋಣೆಯಲ್ಲಿ ನಮ್ಮ ಪಂದ್ಯವನ್ನು ನಾವೇ ನೋಡಿಕೊಳ್ಳುತ್ತಿದ್ದೆವು. ಈಗ ಶನಿವಾರ ಪಾಳಿ ಮುಗಿಸಿ ಹೋಗುವ ಕಾರ್ಮಿಕರು ಸೈಕಲ್ಲಿನಿಂದ ಇಳಿದು ಕಾಂಪೌಂಡಿನ ಆಚೆ ನಿಲ್ಲುತ್ತಿದ್ದರು. ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ಕರಿಯನ ಕಡೆಗೆ ಕೂಗುತ್ತಿದ್ದಳು. ಪಂದ್ಯ ಮುಗಿದು ಸೋತ ತಂಡ ಆರಿಸಲು ಎದ್ದರೆ ಆಚೆಯಿಂದ “ಆ ಎರಡು ಜಡೆ ಹುಡುಗಿನ ಕೇಳ್ರೋ!” ಎಂದು ಸಲಹೆ ಬರುತ್ತಿತ್ತು. ತರಗತಿಗೆ ಮೊದಲು ಬರುವ ಮಕ್ಕಳೂ ತಾವಾಗಿಯೇ ಬಂದು ಸೇರಿದರು. ಅವರಿಗೆ ಮೊದಲು ಕಡಲೆಕಾಯಿ ಸುಲಿಯುವ ಕೆಲಸ ಕೊಟ್ಟೆವು.

ನಾಗರತ್ನ ಈಗ ಏನಾಗಿದ್ದಾಳೆ ಎಂದು ಎಲ್ಲರೂ ಕೇಳುತ್ತಾರೆ. ತಂಗಿಯ ಮೊಮ್ಮಗಳೂ ಕೇಳಿದಳು. ನಾನು ಹೇಳುವುದಿಲ್ಲ. ಅವಳು ದೊಡ್ಡ ಕೆಲಸದಲ್ಲಿದ್ದರೆ ನನ್ನ ಕಟ್ಟಳೆ ಸರಿ, ಇಲ್ಲದಿದ್ದರೆ ತಪ್ಪು ಎಂದು ಲೆಕ್ಕ ಹಾಕುವವರಿಗೆ ನನ್ನ ಹತ್ತಿರ ಉತ್ತರವಿಲ್ಲ. ಆ ಕಟ್ಟಳೆ ಕೆಂಗೇರಿಯ ಅಂಗಳದಲ್ಲಿ ಅವಳು ಗೆರೆ ದಾಟಿದಾಗಲೇ ಸರಿಯಾಗಿತ್ತು.

ಸ್ಪರ್ಧೆ ಬೇಡ ಎನ್ನುವವರು ನಿಮ್ಮ ಹತ್ತಿರವೂ ಬರುತ್ತಾರೆ. ಗೆಲ್ಲುವುದೊಂದೇ ಮುಖ್ಯ ಎನ್ನುವವರೂ ಬರುತ್ತಾರೆ. ಇಬ್ಬರ ಮಾತನ್ನೂ ಕೇಳಬೇಡಿ. ಮಕ್ಕಳು ಜೀವ ಬಿಟ್ಟು ಗೆಲ್ಲಲಿ, ಗೆದ್ದ ಕೂಡಲೇ ಕೊಡಲಿ. ಅದಕ್ಕಾಗಿ ನಿಮ್ಮ ಕೋಣೆ ಹೋದರೆ ಹೋಗಲಿ.

ಆ ಶೀಟಿನ ಕೋಣೆಯಲ್ಲಿ ಕೆಲವು ವರ್ಷ ಟೈಪಿಂಗ್ ನಡೆಯಿತು. ಆಮೇಲೆ ಟೈಪಿಂಗ್ ಕೇಳುವವರಿಲ್ಲದೆ ಅದಕ್ಕೂ ಬೀಗ ಬಿತ್ತು. ಜಗಲಿಗೂ ಬೀಗ ಹಾಕಬೇಕೆಂದು ಆಮೇಲೆ ಬಂದ ಆಡಳಿತದವರಲ್ಲಿ ಒಂದಿಬ್ಬರಿಗೆ ಆಸೆಯಿತ್ತು. ಏನು ಮಾಡುವುದು, ಅದಕ್ಕೆ ಬಾಗಿಲೇ ಇರಲಿಲ್ಲ.